ಆರಾಮ ಕೇಳುವ ಆಯಿ

ಧಾರವಾಡದಲ್ಲಿ ಯಾರನ್ನೇ ನಿಲ್ಲಿಸಿ "ಆರಾಮ?" ಅಂತ ಕೇಳಿ ನೋಡಿ, "ಆರಾಮ" ಅಂತಲೇ ಉತ್ತರ ಬರುತ್ತದೆ. ಕಾಲು ಮುರಿದು ಪಟ್ಟಿ ಹಾಕಿಸಿಕೊಂಡವನೂ ಆರಾಮ, ಮಗನ ನಿಶ್ಚಿತಾರ್ಥ ಮುರಿದು ಬಂದವನೂ ಆರಾಮ, ಆಸ್ಪತ್ರೆಯ ಮಂಚದ ಮೇಲೆ ಮಲಗಿದವನಂತೂ ಕೇಳುವುದಕ್ಕಿಂತ ಮೊದಲೇ ಆರಾಮ. ಇದನ್ನು ಇಲ್ಲಿ ಯಾರೂ ಸುಳ್ಳು ಅಂತ ಕರೆಯುವುದಿಲ್ಲ. ಕೇಳಿದವರಿಗೆ ತೊಂದರೆ ಕೊಡಬಾರದು ಎಂಬ ಮರ್ಯಾದೆ ಅಷ್ಟೇ. ಇಂಥ ಊರಿನಲ್ಲಿ ಕೂತು, ಈ ಒಂದೇ ಪದದಿಂದ ಹುಡುಗರ ಮನಸ್ಸು ತೂಗುವ ಯಂತ್ರ ಮಾಡುತ್ತೇನೆ ಅಂತ ನೀಲಾಂಬಿಕಾ ಹಂಚಿನಮನಿ ಹೊರಟಾಗ ಜನ ನಕ್ಕಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ನೀಲಾಂಬಿಕಾ ಗಾಳಿಗೆ ಗುದ್ದುವವಳಲ್ಲ. ಧ್ವನಿಶಾಸ್ತ್ರ ಓದಿದವಳು. ಸಣ್ಣವಳಿದ್ದಾಗ ಸಂಗೀತ ಕಲಿಯಲು ಹೋಗಿ, ಗುರುಗಳಿಂದ "ನಿನಗ ಕಿವಿ ಐತಿ, ಕೊರಳಿಲ್ಲ" ಅನ್ನಿಸಿಕೊಂಡು ಮನೆಗೆ ವಾಪಸು ಬಂದಿದ್ದಳು. ಆ ಕಿವಿಯೇ ಮುಂದೆ ಅವಳಿಗೆ ಅನ್ನ ಹಾಕಿತು. ಅವಳು ಕಂಡುಕೊಂಡದ್ದು ಇಷ್ಟು: ಬಾಯಿಗೆ ಸುಳ್ಳು ಬರುತ್ತದೆ, ಉಸಿರಿಗೆ ಬರುವುದಿಲ್ಲ. 'ಆರಾಮ' ಎಂಬ ಪದದಲ್ಲಿ ಎರಡು ದೀರ್ಘಗಳಿವೆ. ಮನಸ್ಸು ಹಗುರ ಇದ್ದಾಗ ಮೊದಲಿನ 'ಆ' ಹೊಟ್ಟೆಯಿಂದ ಏಳುತ್ತದೆ, 'ರಾ' ಹಾಗೇ ತೇಲುತ್ತದೆ, ತುಟಿ ಮುಚ್ಚಿದ ಮೇಲೂ 'ಮ' ಒಂದಿಷ್ಟು ಗುಂಯ್‌ಗುಡುತ್ತದೆ. ಭಾರ ಇದ್ದಾಗ 'ಆ' ಗಂಟಲಲ್ಲೇ ಹುಟ್ಟುತ್ತದೆ, 'ರಾ' ಗಿಡ್ಡವಾಗುತ್ತದೆ, 'ಮ' ಕತ್ತರಿಸಿದ ಹಾಗೆ ನಿಲ್ಲುತ್ತದೆ. ನಮ್ಮ ನಿಮ್ಮ ಕಿವಿಗೆ ಸಿಗದಷ್ಟು ಸಣ್ಣ ವ್ಯತ್ಯಾಸ ಅದು. ಯಂತ್ರಕ್ಕೆ ಸಿಗುತ್ತದೆ. ಮತ್ತೆ ಅದು ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸುವುದಿಲ್ಲ; ಇವತ್ತಿನ ದನಿಯನ್ನು ಅವರದೇ ಹಿಂದಿನ ದನಿಯ ಪಕ್ಕದಲ್ಲಿಟ್ಟು ತೂಗುತ್ತದೆ.

ಯಂತ್ರ ಅಂದರೆ ಅಂಗೈ ಅಗಲದ ಒಂದು ಡಬ್ಬಿ. ಹಾಸ್ಟೆಲಿನ ಊಟದ ಮನೆಯ ಬಾಗಿಲ ಪಕ್ಕದಲ್ಲಿ ಗೋಡೆಗೆ ಹಾಕಿದ್ದು. ಹುಡುಗಿ ಊಟದ ಕಾರ್ಡು ಮುಟ್ಟಿಸಿದರೆ ಅದು "ಆರಾಮ ಅದೀಯೇನವಾ?" ಅನ್ನುತ್ತದೆ, ಹುಡುಗನಾದರೆ "ಆರಾಮ ಅದೀಯೇನಪಾ?" ಅನ್ನುತ್ತದೆ. ಅವರು "ಆರಾಮ" ಅಂದು ತಾಟು ಹಿಡಿದು ಒಳಗೆ ಹೋಗುತ್ತಾರೆ. ಯಾರದಾದರೂ ದನಿ ಒಂದೇ ಸಮನೆ ಭಾರವಾಗುತ್ತ ಹೋದರೆ ಆ ಹಾಸ್ಟೆಲಿನ 'ಅಕ್ಕ'ನಿಗೆ ಡಬ್ಬಿ ಸದ್ದಿಲ್ಲದೆ ಸುದ್ದಿ ಮುಟ್ಟಿಸುತ್ತದೆ. ಅಕ್ಕ ಅಂದರೆ, ದುಃಖ ಕೇಳಿಸಿಕೊಳ್ಳುವುದರಲ್ಲಿ ತರಬೇತಿ ಪಡೆದ ಹೆಂಗಸು. ಅವಳಿಗೊಂದು ಕೋಣೆ, ಕೋಣೆಯಲ್ಲೊಂದು ಜಮಖಾನೆ, ಬೇಕಾದರೆ ವಾರಕ್ಕೊಮ್ಮೆ ಬರುವ ಡಾಕ್ಟರು.

ಡಬ್ಬಿಯೊಳಗಿನ ದನಿ ಯಾರದು ಅಂದರೆ ನೀಲಾಂಬಿಕಾಳ ಅತ್ತೆ ಶಂಕ್ರವ್ವನದು. ಮೊದಲು ಸಿನಿಮಾಕ್ಕೆ ದನಿ ಕೊಡುವ ಹುಡುಗಿಯನ್ನು ಕರೆಸಿದ್ದರು. ಅವಳು ಕೇಳಿದರೆ ಬ್ಯಾಂಕಿನಿಂದ ಫೋನು ಬಂದ ಹಾಗಿತ್ತು. ಶಂಕ್ರವ್ವ ಮೈಕಿನ ಮುಂದೆ ಕೂತು ಕೇಳಿದ್ದು ಎಲ್ಲರಿಗೂ ಹಿಡಿಸಿತು. ಹಿಡಿಸದ್ದು ಒಂದೇ, ಆಕೆ ಪ್ರಶ್ನೆಗೆ ನಿಲ್ಲಲಿಲ್ಲ. "ಆರಾಮ ಅದೀಯೇನವಾ? ನನಗಂತೂ ಇವತ್ತ ಆರಾಮ ಇಲ್ಲ ನೋಡು. ಮೊಣಕಾಲು ಹಿಡಕೊಂಡಾವು, ನಿದ್ದಿ ಇಲ್ಲ, ನಿನ್ನ ಮಾವನ ನೆನಪ ಬ್ಯಾರೆ…" ಅಂತ ಶುರು ಮಾಡಿದರೆ ಮುಗಿಯುವುದೇ ಇಲ್ಲ. ಯಂತ್ರದ ಕೆಲಸ ನೋಡಿಕೊಳ್ಳುವ ಇರ್ಫಾನ್ ಮುಲ್ಲಾ ಎಂಬ ಹುಬ್ಬಳ್ಳಿಯ ಹುಡುಗ ಮೊದಲಿನ ಪ್ರಶ್ನೆ ಇಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ಕತ್ತರಿಸಿದ. ಹಾಸ್ಟೆಲ್ ಹುಡುಗರು ಡಬ್ಬಿಗೆ 'ಆಯಿ', ಅಂದರೆ ಅಜ್ಜಿ, ಅಂತ ಹೆಸರಿಟ್ಟರು. ಅಂದಿನಿಂದ ಶಂಕ್ರವ್ವನ ಕಾಲು ನೆಲದ ಮೇಲಿರಲಿಲ್ಲ. ಕಾಯಿಪಲ್ಲೆ ಮಾರುವವಳ ಜೊತೆಗೂ "ನನ್ನ ದನಿ ಊರ ತುಂಬ ಐತಿ, ತಿಳೀತೇನು?" ಅಂತಲೇ ಚೌಕಾಸಿ ಶುರು.

ಇದಕ್ಕೆಲ್ಲ ರೊಕ್ಕ ಹಾಕಿದವರು ದಾನಮ್ಮ ಹೆಬಸೂರ. ಒಂದು ಕಾಲಕ್ಕೆ ಬುಟ್ಟಿಯಲ್ಲಿ ಜೋಳದ ರೊಟ್ಟಿ ಹೊತ್ತು ಮಾರಿದಾಕೆ, ಈಗ ರೊಟ್ಟಿ ಬಡಿಯುವ ಯಂತ್ರ ಮಾಡಿ ದೇಶದ ತುಂಬ ಕಳಿಸುವ ಸಾಹುಕಾರ್ತಿ. "ಹೆಸರು ದಾನಮ್ಮ, ಆದ್ರ ಬಿಡಿಗಾಸು ದಾನ ಮಾಡೂದಿಲ್ಲ" ಅಂತ ಜನ ಚೇಷ್ಟೆ ಮಾಡುತ್ತಿದ್ದರು. ಆಕೆಗೂ ಅದು ಗೊತ್ತಿತ್ತು. "ದಾನ ಮಾಡಿದ್ರ ಮಂದಿ ಕೈ ಮುಗದು ಮನಿಗೆ ಹೋಗತಾರ. ಕೆಲಸ ಆತೋ ಇಲ್ಲೋ ಯಾರೂ ಕೇಳೂದಿಲ್ಲ," ಅನ್ನುತ್ತಿದ್ದರು ದಾನಮ್ಮ. "ನಾ ಹೂಡಾಕಿ. ಹುಡುಗರ ಮನಸು ಹಗುರಾದ್ರ ಸರಕಾರ ನನ್ನ ರೊಕ್ಕ ಲಾಭ ಹಚ್ಚಿ ತಿರುಗಿ ಕೊಡಬೇಕು. ಬಂದದ್ದು ಮತ್ತೊಂದು ಹಾಸ್ಟೆಲಿಗೆ ಹೋಗಬೇಕು. ಹಗುರಾಗಲಿಲ್ಲಂದ್ರ ಲುಕ್ಸಾನು ನಂದು." ಹೀಗೆ 'ಹಗುರ ನಿಧಿ' ಹುಟ್ಟಿತು. ಡಬ್ಬಿ ಕೊಡುವ ಅಂಕಕ್ಕೆ 'ಹಗುರಾಂಕ' ಅಂತ ಹೆಸರಾಯಿತು. ಜೊತೆಗೆ ಆಕೆ ಒಂದು ಕರಾರು ಹಾಕಿದರು: "ಯಾವ ಒಲಿ ಮ್ಯಾಲ ರೊಟ್ಟಿ ಉಬ್ಬೂದಿಲ್ಲೋ ಆ ಒಲಿ ಆರಿಸಬೇಕು." ಅಂದರೆ ಯಾವ ಹಾಸ್ಟೆಲಿನ ಹಗುರಾಂಕ ಇಳಿಯುತ್ತದೋ ಅಲ್ಲಿಯ ಕೋಣೆ ಬಂದ್, ಅಕ್ಕ ಮನೆಗೆ.

ನಮ್ಮ ಕಥೆ ಶುರುವಾಗುವ ಹೊತ್ತಿಗೆ ಕರಾರಿನ ಕಡೆಯ ವರ್ಷ ಮುಗಿಯಲು ಬಂದಿತ್ತು. ಹುಬ್ಬಳ್ಳಿ ಧಾರವಾಡದ ನಡುವೆ ಚಾಲಕನಿಲ್ಲದ ಬಸ್ಸು ಓಡುತ್ತಿತ್ತು, ಅದರಲ್ಲೂ ಜನ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುತ್ತಿದ್ದರು. ಪ್ರವೇಶ ಪರೀಕ್ಷೆಗೆ ಓದುವ ಹುಡುಗರು ಮೊದಲಿನಂತೆಯೇ ಊರು ತುಂಬಿದ್ದರು. ಹಗುರಾಂಕ ಮಾತ್ರ ಏರುತ್ತಲೇ ಇತ್ತು. ಹೀಗೇ ನಿಂತರೆ ಜಿಲ್ಲೆಯ ಪ್ರತಿ ಹಾಸ್ಟೆಲಿಗೂ ಒಬ್ಬ ಅಕ್ಕನನ್ನು ಕೊಡುತ್ತೇವೆ ಅಂತ ಸರಕಾರ ಮಾತು ಕೊಟ್ಟಿತ್ತು. ನೀಲಾಂಬಿಕಾ ಖುಷಿಯಿಂದ ಹೊಸ ಸೀರೆ ಕೂಡ ತಂದಿಟ್ಟುಕೊಂಡಿದ್ದಳು.

"ಅಕ್ಕಾರ, ಇಲ್ಲಿ ನೋಡ್ರಿ," ಅಂದ ಇರ್ಫಾನ್ ಒಂದು ಮುಂಜಾನೆ. ಸಪ್ತಾಪುರದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ಅಂಕ ಪರದೆಯ ಮೇಲೆ ಎಲ್ಲರಿಗಿಂತ ಮೇಲಿತ್ತು; ಪಾರಕ್ಕ ಅಲ್ಲಿಯ ಅಕ್ಕ. "ಪಾರಕ್ಕನ ಹಾಸ್ಟೆಲ್. ಇಷ್ಟು ಹಗುರ ಆದ್ರ ಗಾಳಿಗೆ ಹಾರಿ ಹೋದಾರು."

ನೀಲಾಂಬಿಕಾ ನಕ್ಕಳು. ಆಮೇಲೆ, ಸುಖ ಹೇಗೆ ಕೇಳಿಸುತ್ತದೆ ಅಂತ ಕೇಳುವ ಆಸೆಯಾಗಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಅವತ್ತಿನ ದನಿಗಳನ್ನು ಒಂದಾದ ಮೇಲೊಂದು ಹಾಕಿಸಿದಳು. ಆರಾಮ. ಆರಾಮ. ಆರಾಮ. ತುಂಬಿದ ಉಸಿರು, ತೇಲುವ ದೀರ್ಘ, ಗುಂಯ್‌ಗುಡುವ ಮಕಾರ. ಯಾವುದರಲ್ಲೂ ಕೊರತೆ ಇಲ್ಲ. ಹತ್ತಿಪ್ಪತ್ತು ಕೇಳುವಷ್ಟರಲ್ಲಿ ಅವಳ ನಗು ಆರಿತು. ಮತ್ತೆ ಮೊದಲಿನಿಂದ ಹಾಕಿಸಿದಳು.

"ಇರ್ಫಾನ್, ಇವರೆಲ್ಲಾರ 'ಮ' ಒಂದ ಸುರದಾಗ ಐತಿ."

"ಅಂದ್ರ?"

"ಹಾರ್ಮೋನಿಯಂನ ನಾಲ್ಕನೇ ಕರಿ ಮನಿ ಒತ್ತು. ಅದ ಸುರ. ದಪ್ಪ ದನಿಯಾಕಿದೂ ಅದ, ಸಣ್ಣ ದನಿಯಾಕಿದೂ ಅದ." ಅವಳು ಹೆಡ್‌ಫೋನು ತೆಗೆದಳು. "ಖುಷಿ ಎಲ್ಲಾರಿಗೂ ಒಂದ ಸುರದಾಗ ಬರೂದಿಲ್ಲೋ."

ಇರ್ಫಾನ್ ಬೇರೆ ಹಾಸ್ಟೆಲುಗಳ ದನಿ ತೆಗೆದ. ಅಲ್ಲಿಯೂ ಅಲ್ಲಲ್ಲಿ ಅದೇ ಸುರ. ನೆಗಡಿ ಹರಡಿದ ಹಾಗೆ ಹರಡುತ್ತಿತ್ತು.

ಮನೆಯಲ್ಲಿ ಊಟಕ್ಕೆ ಕೂತಾಗ ನೀಲಾಂಬಿಕಾ ಈ ಸಂಗತಿ ಹೇಳಿದಳು. ಗಂಡ ಬಾಗಲಕೋಟೆಯಲ್ಲಿ ನೌಕರಿ, ವಾರಕ್ಕೊಮ್ಮೆ ಬರುವವನು. ಊಟಕ್ಕೆ ಇದ್ದದ್ದು ಅತ್ತೆ ಮತ್ತು ಪಿಯುಸಿ ಎರಡನೇ ವರ್ಷದಲ್ಲಿದ್ದ ಮಗಳು ಚಿನ್ಮಯಿ. ಚಿನ್ಮಯಿ ರೊಟ್ಟಿ ಮುರಿಯುತ್ತಲೇ ಅಂದಳು:

"ಅವ್ವಾ, ಅದಕ್ಕ ಕ್ಲಾಸ್ ಐತಿ. ಆ ಹಾಸ್ಟೆಲಿನ್ಯಾಗ ಕಸ್ತೂರಿ ಬಡಿಗೇರ ಅಂತ ಅದಾಳ, ಹಾಡಾಕಿ. ಆಯಿಗೆ ಹೆಂಗ ಆರಾಮ ಅನ್ನಬೇಕು ಅಂತ ಆಕಿ ಕಲಿಸತಾಳ. ನಮ್ಮ ಟ್ಯೂಶನ್ ಹುಡುಗ್ಯಾರೆಲ್ಲ ಕಲತಾರ."

ಶಂಕ್ರವ್ವನ ತುತ್ತು ಬಾಯಿಗೆ ಹೋಗಲಿಲ್ಲ. "ಅಂದ್ರ ನನಗ ಸುಳ್ಳ ಹೇಳತಾವೇನು ಹುಡುಗ್ಯಾರು?"

"ನಿನಗಲ್ಲ ಆಯಿ, ಡಬ್ಬಿಗೆ."

"ಡಬ್ಬ್ಯಾಗ ಕುಂತಾಕಿ ನಾನ ಅಲ್ಲೇನು?" ಶಂಕ್ರವ್ವ ತಾಟು ಸರಿಸಿದಳು. ಆಕೆಗೆ ನಿಜವಾಗಿಯೂ ನೋವಾಗಿತ್ತು.

"ಯಾಕ ಕಲಿಸತಾಳಂತ?" ನೀಲಾಂಬಿಕಾ ಕೇಳಿದಳು.

"ಅಂಕ ಇಳಿದ್ರ ಪಾರಕ್ಕನ ತೆಗಿತಾರಲ್ಲ, ಅದಕ್ಕ."

"ನೀನೂ ಕಲತೀಯೇನು?"

"ನನಗ್ಯಾಕ ಬೇಕು ಅದು?" ಚಿನ್ಮಯಿ ತಾಟು ಎತ್ತಿಕೊಂಡು ಎದ್ದಳು. "ನಾ ಆರಾಮ ಅದೀನಲ್ಲ."

ಆ 'ಆರಾಮ' ಹೋಗಿ ನೆಟ್ಟಗೆ ನಾಲ್ಕನೇ ಕರಿ ಮನೆಯ ಮೇಲೆ ಕೂತಿತು. ಊರಿನ ಹುಡುಗಿಯರ ಉಸಿರನ್ನೆಲ್ಲ ತೂಗುವವಳಿಗೆ ಸ್ವಂತ ಮಗಳನ್ನು ಹಿಂದೆ ಹೋಗಿ ಕೇಳುವ ಧೈರ್ಯ ಬರಲಿಲ್ಲ. ಕೇಳಿದರೆ ಅದೇ ಉತ್ತರ ಬರುತ್ತದೆ ಅಂತ ಗೊತ್ತಿತ್ತು.

ಮರುದಿನ ಅವಳು ಸಪ್ತಾಪುರದ ಆ ಹಾಸ್ಟೆಲಿಗೆ ಹೋದಳು. ಪಾರ್ವತಿ ತಳವಾರ, ಎಲ್ಲರ ಪಾರಕ್ಕ, ತನ್ನ ಕೋಣೆಯ ಜಮಖಾನೆಯ ಮೇಲೆ ಒಬ್ಬಳೇ ಕೂತು ಸೀರೆಯ ಸೆರಗಿಗೆ ಕಸೂತಿ ಹಾಕುತ್ತಿದ್ದಳು. ಸೆರಗು ಮುಗಿದು ಈಗ ಅಂಚಿಗೆ ಬಂದಿದ್ದಳು.

"ಮೊದಲ ಇಲ್ಲಿ ಕುಂದರಾಕ ಜಾಗ ಇರತಿರಲಿಲ್ರಿ ಅಕ್ಕಾರ," ಅಂದಳು ಪಾರಕ್ಕ. "ಈಗ ಯಾರೂ ಬರೂದಿಲ್ಲ. ಎಲ್ಲಾರೂ ಆರಾಮ ಅದಾರಂತ ಆಯಿ ಹೇಳತಾಳ. ಖುಷಿ ಪಡಬೇಕೋ ಏನ ಮಾಡಬೇಕೋ ತಿಳಿವಲ್ದು."

"ಕಸ್ತೂರಿ ಎಲ್ಲಿ?"

"ಮ್ಯಾಲ ಇರಬೇಕ್ರಿ. ಸಂಜಿ ಹೊತ್ತು ಹುಡುಗ್ಯಾರನ ಕರಕೊಂಡು ಹಾಡಾಕ ಹೋಗತಾಳ. ಬಂಗಾರದಂಥಾ ಹುಡುಗಿ. ಊರಾಗ ಆಕಿದ ಹಗುರಾಂಕ ಭಾಳ ಮ್ಯಾಲೈತಂತ."

ತಾರಸಿಯ ಮೇಲೆ, ನೀರಿನ ಟಾಕಿಯ ಹಿಂದೆ, ಹುಡುಗಿಯರು ಸಾಲಾಗಿ ನಿಂತಿದ್ದರು. ಮುಂದೆ ನಿಂತವಳು ತೆಳ್ಳಗೆ, ಎರಡು ಜಡೆ. ಒಂದು ಕೈಯಿಂದ ತಾಳ ಹಾಕುತ್ತಿದ್ದಳು. "ಆ… ಹೊಟ್ಟಿಯಿಂದ ತಗೀರಿ. ಎದಿಯಿಂದ ಬ್ಯಾಡ. ಎದ್ಯಾಗ ಏನೇನೋ ಇರತೈತಿ," ಅನ್ನುತ್ತಿದ್ದಳು. ನೀಲಾಂಬಿಕಾಳನ್ನು ಕಂಡ ಕೂಡಲೇ ಸಾಲು ಚದುರಿತು. ಕಸ್ತೂರಿ ಮಾತ್ರ ನಿಂತಳು.

ಅವಳು ಗದಗಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವರ ಮಗಳು. ಡಾಕ್ಟರಾಗಲಿ ಅಂತ ಮನೆಯವರು ಇಲ್ಲಿಗೆ ಕಳಿಸಿದ್ದರು. ಬೈಯುತ್ತಾರೆ ಅಂತ ಕಾದಿದ್ದಳೇನೋ, ನೀಲಾಂಬಿಕಾ ಸುಮ್ಮನೆ ಟಾಕಿಯ ಕಟ್ಟೆಯ ಮೇಲೆ ಕೂತದ್ದು ನೋಡಿ ತಾನೇ ಶುರು ಮಾಡಿದಳು.

"ನಾನ ಮಾಡಿದ್ದರಿ. ಯಾರನೂ ಬೈಬ್ಯಾಡ್ರಿ. ಪಾರಕ್ಕನ ತೆಗದ್ರ ನಮಗ ಯಾರೂ ಇಲ್ರಿ ಇಲ್ಲಿ. ಆಕಿ ಹತ್ರ ಸುಮ್ಮನ ಕುಂತ್ರೂ ಸಾಕು, ಮನಸು ತಣ್ಣಗಾಗತೈತಿ."

"ಹಂಗಾದ್ರ ಆಕಿ ಹತ್ರ ಯಾಕ ಹೋಗೂದಿಲ್ಲ ನೀವು?"

"ಹೋಗಿ ಅತ್ತು ಬಂದ್ರ ಡಬ್ಬಿ ಮುಂದ ದನಿ ಒಡದು ಅಂಕ ಇಳಿತೈತಿ ಅಂತ ಅಂಜಿಕಿರಿ. ಆಕಿನ ಉಳಿಸಬೇಕಂದ್ರ ಆಕಿಗೆ ಏನೂ ಹೇಳಬಾರದು ಅಂತ ಎಲ್ಲಾರೂ ಮಾತಾಡಿಕೊಂಡೀವ್ರಿ."

ಯಂತ್ರ ಮಾಡುವಾಗ ಮೋಸದ ದಾರಿಗಳನ್ನೆಲ್ಲ ನೀಲಾಂಬಿಕಾ ಯೋಚಿಸಿದ್ದಳು. ಲಾಭದ ಆಸೆಗೆ ವಾರ್ಡನ್ನರು ಮೋಸ ಮಾಡಬಹುದು, ಕಂಪನಿಯವರು ಮಾಡಬಹುದು ಅಂತ ಅದಕ್ಕೆಲ್ಲ ಬೀಗ ಹಾಕಿದ್ದಳು. ಪ್ರೀತಿಗೆ ಬೀಗ ಹಾಕುವುದು ಅವಳ ತಲೆಗೆ ಹೊಳೆದಿರಲಿಲ್ಲ.

"ಛಲೋ ಕಲಿಸತೀ. ಒಂದು ಹಾಡರ ಹಾಡು, ಕೇಳೂಣು," ಅಂದಳು.

ಕಸ್ತೂರಿ ತಲೆ ತಗ್ಗಿಸಿದಳು. "ಹಾಡಾಕ ಬರೂದಿಲ್ರಿ ಈಗ. ಕೊರಳು ತೆರಿವಲ್ದು. ದೀಪಾವಳಿಯಿಂದ ಹಿಂಗ ಆಗೇತಿ. ಪುಸ್ತಕ ತೆರದ್ರ ಅಕ್ಷರ ಕಾಣತಾವ, ತಲಿಯೊಳಗ ಹೋಗೂದಿಲ್ಲ. ಮುಂಜಾನೆ ಏಳಬೇಕಂದ್ರ ಅಳು ಬರತೈತಿ. 'ಆರಾಮ' ಅನ್ನೂದೊಂದು ಬರತೈತ್ರಿ."

"ಮನ್ಯಾಗ ಹೇಳಿದೀಯೇನು?"

"ಫೋನ್ ಮಾಡಿದಾಗ ಆರಾಮ ಏನು ಅಂತಾರ್ರಿ. ಆರಾಮ ಅಂತೀನಿ."

ನೀಲಾಂಬಿಕಾ ಅವಳ ಕೈ ಹಿಡಿದು ಮೆಟ್ಟಿಲು ಇಳಿಸಿಕೊಂಡು ಪಾರಕ್ಕನ ಕೋಣೆಗೆ ಕರೆತಂದಳು. ಪಾರಕ್ಕ ಒಂದು ಮಾತೂ ಕೇಳಲಿಲ್ಲ. ಸೂಜಿ ಬದಿಗಿಟ್ಟು ಜಮಖಾನೆಯ ಮೇಲೆ ಸ್ವಲ್ಪ ಸರಿದಳು. ಕಸ್ತೂರಿ ಕೂತಳು. ನೀಲಾಂಬಿಕಾ ಬಾಗಿಲು ಎಳೆದುಕೊಂಡು ಹೊರಗೆ ಬಂದು, ತನ್ನ ಮೇಲೆ ತನಗೇ ಬಂದ ಸಿಟ್ಟಿಗೆ ಒಂದಷ್ಟು ಅತ್ತಳು.

"ಹದಿನೈದು ದಿನ ಸುಮ್ಮನಿರ್ರಿ ಅಕ್ಕಾರ," ಅಂದ ಇರ್ಫಾನ್, ಎಲ್ಲ ಕೇಳಿದ ಮೇಲೆ. "ಸರಕಾರದ ಸಹಿ ಆಗಲಿ. ಹುಡುಗ್ಯಾರು ಮಾಡಿದ್ದು ಕೆಟ್ಟ ಬುದ್ಧಿಯಿಂದ ಅಲ್ಲ. ಇದರಿಂದ ಇಡೀ ಜಿಲ್ಲಾಕ್ಕ ಅಕ್ಕಂದಿರು ಬರತಾರಂದ್ರ ನಾವ್ಯಾಕ ಅಡ್ಡಗಾಲು ಹಾಕಬೇಕು? ಈಗ ಹೇಳಿದ್ರ ಇದ್ದದ್ದೂ ಹೋಗತೈತಿ. ಮೊದಲ ಪಾರಕ್ಕನ ಕೋಣಿನ ಬಂದ್ ಆಗತೈತಿ."

ಅವನ ಮಾತಿನಲ್ಲಿ ಹುರುಳಿತ್ತು. ಅದೇ ಕಷ್ಟವಾಗಿತ್ತು. ನೀಲಾಂಬಿಕಾ ಎರಡು ದಿನ ಬಾಯಿ ಮುಚ್ಚಿಕೊಂಡು ಓಡಾಡಿದಳು. ಹೇಳಿದರೆ ಕಸ್ತೂರಿ ಈಗಷ್ಟೇ ಕೂತ ಜಮಖಾನೆ ಅವಳ ಕೆಳಗಿಂದ ಎಳೆದ ಹಾಗೆ. ಹೇಳದಿದ್ದರೆ ಜಿಲ್ಲೆಯ ತುಂಬ ಗೋಡೆಗೆ ಕಿವುಡು ಡಬ್ಬಿ ಹೊಡೆದ ಹಾಗೆ. ಪ್ರತಿ ಊಟದ ಹೊತ್ತಿಗೂ ತನ್ನ ಅತ್ತೆಯ ದನಿ ಕೇಳುತ್ತದೆ, ಯಾರೋ ಒಬ್ಬ ಕಸ್ತೂರಿ ಆರಾಮ ಅನ್ನುತ್ತಾಳೆ, ಆಯಿ ನಂಬುತ್ತಾಳೆ.

ಮೂರನೆಯ ದಿನ ನಿಧಿಯ ಸಭೆ. ದಾನಮ್ಮ ಕೈಮಗ್ಗದ ಸೀರೆ ಉಟ್ಟು, ಎಲ್ಲರಿಗೂ ಖಾರದ ಅವಲಕ್ಕಿ ಕಟ್ಟಿಸಿಕೊಂಡು ಬಂದಿದ್ದರು. ಸರಕಾರದ ಅಧಿಕಾರಿಯೊಬ್ಬರು ಕಡತ ಹಿಡಿದು ಕೂತಿದ್ದರು. ನೀಲಾಂಬಿಕಾ ಹೊಸ ಸೀರೆ ಉಟ್ಟಿರಲಿಲ್ಲ. ಅವಳು ಎದ್ದು, ಮಾತಾಡುವ ಮೊದಲು, ಆ ಹಾಸ್ಟೆಲಿನ ದನಿಗಳನ್ನೆಲ್ಲ ಒಟ್ಟಿಗೆ ಹಾಕಿದಳು. ಕೋಣೆಯ ತುಂಬ ಒಂದೇ 'ಆರಾಮ' ತಂಬೂರಿ ಮೀಟಿದ ಹಾಗೆ ತುಂಬಿತು.

"ಛಲೋ ಕೇಳತೈತಲ್ಲ," ಅಂದರು ದಾನಮ್ಮ.

"ಅದ ತಪ್ಪಾಗೇತ್ರಿ ಅವ್ವಾರ," ಅಂದಳು ನೀಲಾಂಬಿಕಾ. ಆಮೇಲೆ ಎಲ್ಲ ಹೇಳಿದಳು. ಟಾಕಿಯ ಹಿಂದಿನ ಪಾಠ, ಖಾಲಿ ಕೋಣೆ, ಪಾರಕ್ಕನ ಕಸೂತಿ. ಹುಡುಗಿಯ ಹೆಸರು ಹೇಳದೆ, ಯಂತ್ರದ ಲೆಕ್ಕದಲ್ಲಿ ಊರಿಗೇ ಸುಖಿಯಾದವಳು ಈಗ ಡಾಕ್ಟರ ಹತ್ತಿರ ಹೋಗುತ್ತಿದ್ದಾಳೆ ಅಂತಲೂ ಹೇಳಿದಳು.

ಅಧಿಕಾರಿ ಕಡತ ಮುಚ್ಚಿದರು. "ಹಾಗಾದರೆ ಅಂಕವೇ ಸುಳ್ಳು ಅಂತಾಯ್ತು. ಕರಾರಿನ ಪ್ರಕಾರ ಎಲ್ಲವನ್ನೂ ನಿಲ್ಲಿಸಬೇಕಾಗುತ್ತದೆ."

ದಾನಮ್ಮನ ಮುಖ ಕೆಂಪಾಗಿತ್ತು. "ಇಷ್ಟು ವರ್ಷ ನನ್ನ ಕಿವಿಗೆ ಹೂ ಇಟ್ರೇನವಾ?"

"ನನ್ನ ಕಿವಿಗೇ ಇಟ್ಟುಕೊಂಡಿದ್ನಿರಿ. ನಾನು ತಪ್ಪು ಪದ ತೂಗಿದೆ. ಆರಾಮ ಅನ್ನೂದನ್ನ ಯಾರ ಬೇಕಾದವರು ಕಲೀಬಹುದು. ನಮ್ಮ ಊರಾಗ ಹುಟ್ಟಿದ ಕೂಸಿಗೂ ಬರತೈತಿ. ಆರಾಮ ಇಲ್ಲ ಅನ್ನೂದ ಕಷ್ಟ. ಅದನ್ನ ಎಷ್ಟು ಹುಡುಗರು ಬಾಯಿ ಬಿಟ್ಟು ಹೇಳತಾರ, ಹೇಳಿದ ಮ್ಯಾಲ ಎಷ್ಟು ಮಂದಿ ಹಗುರಾಗತಾರ, ಅದನ್ನ ತೂಗೂಣ್ರಿ. ಅಕ್ಕನ ನೌಕರಿಗೂ ಅಂಕಕ್ಕೂ ಗಂಟು ಹಾಕೂದು ಬ್ಯಾಡ್ರಿ."

"ಅಂದ್ರ ಹುಡುಗರು ಆರಾಮ ಇಲ್ಲ ಅಂದಷ್ಟೂ ನನಗ ಲಾಭ ಅಂತೀ?"

"ಹೌದ್ರಿ."

ದಾನಮ್ಮ ಅವಲಕ್ಕಿಯ ಪೊಟ್ಟಣದ ದಾರ ಬಿಚ್ಚಿದರು, ಮತ್ತೆ ಕಟ್ಟಿದರು.

"ನನಗ ಗಿರಿಮಲ್ಲ ಅಂತ ಒಬ್ಬ ತಮ್ಮ ಇದ್ದ," ಅಂದರು ಕಡೆಗೆ. "ಓದಾಕ ಅಂತ ಬ್ಯಾರೆ ಊರಾಗ ಇಟ್ಟಿದ್ವಿ. ನಾ ರೊಟ್ಟಿ ಮಾರಿ ಬಂದು ಅಂಗಡಿಯಿಂದ ಫೋನ್ ಹಚ್ಚತಿದ್ನಿ. ಆರಾಮ ಅದೀಯೇನಪಾ ಅಂದ್ರ, ಆರಾಮ ಅಕ್ಕಾ ಅಂತಿದ್ದ. ಕಡೀ ಸಲ ಮಾತಾಡಿದಾಗೂ ಹಂಗ ಅಂದ. ಮರುದಿನ ಅವಾ ಇಲ್ಲ ಅಂತ ಸುದ್ದಿ ಬಂತು." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಇಷ್ಟೆಲ್ಲ ಮಾಡಿದ್ದು ಅವನ ಸಲುವಾಗಿ. ಮತ್ತ ಅದ ಪ್ರಶ್ನಿ ಕೇಳೋ ಯಂತ್ರಾನ ಊರ ತುಂಬ ಹಚ್ಚಿಸೀನಿ ನೋಡು. ಒಲಿ ಮಾತು ನಾನ ತಪ್ಪಿ ಹೇಳಿದ್ನಿ. ಒಲಿ ಆರಿಸತಾರಂತ ಗೊತ್ತಾದ್ರ ರೊಟ್ಟಿನೂ ಉಬ್ಬಿದಂಗ ಸೋಗು ಹಾಕತೈತಿ."

"ಆದರೆ ಅಂಕ ಇಳಿದರೆ ಸರಕಾರ ನಿಮಗೆ ಹಣ ಕೊಡೋಕಾಗಲ್ಲ," ಅಂದರು ಅಧಿಕಾರಿ.

"ಹೋದ್ರ ಹೋಗಲಿ ಬಿಡ್ರಿ. ಮಂದಿ ಒಮ್ಮೆರ ನನ್ನ ಹೆಸರಿಗೆ ತಕ್ಕಾಕಿ ಅನ್ನಲಿ." ಅಷ್ಟು ಹೇಳಿ ಆಕೆ ನೀಲಾಂಬಿಕಾಳ ಕಡೆ ಬೆರಳು ಮಾಡಿದರು. "ಇನ್ನೊಂದು ವರ್ಷ ನನ್ನ ರೊಕ್ಕದಾಗ ನಡಸು. ವರ್ಷದ ಮ್ಯಾಲ ಬಂದು ಕೇಳಾಕಿ ನಾನು. ದಾನ ಅಂತ ತಿಳ್ಕೊಂಡು ಕೈ ಕಟಗೊಂಡು ಕುಂದ್ರಬ್ಯಾಡ."

ವರ್ಷ ಸಿಕ್ಕಿತು. ಆದರೆ 'ಆರಾಮ ಇಲ್ಲ' ಅಂತ ಹುಡುಗರ ಬಾಯಿಂದ ಬರಿಸುವುದು ಹೇಗೆ? ತಜ್ಞರು ಪ್ರಶ್ನೆಗಳನ್ನು ಬರೆದುಕೊಟ್ಟರು. "ಈ ದಿನ ನಿನ್ನ ಭಾವನೆಗಳು ಹೇಗಿವೆ?" ಅಂತ ಒಂದಿತ್ತು. ಶಂಕ್ರವ್ವ ಅದನ್ನು ಓದಿ, "ಇಂಥಾದ್ದು ನಾ ಯಾರಿಗೂ ಕೇಳಿಲ್ಲ, ಕೇಳೂದೂ ಇಲ್ಲ," ಅಂತ ಕಾಗದವನ್ನು ಒಗ್ಗರಣೆ ಡಬ್ಬಿಯ ಕೆಳಗೆ ಹಾಸಿದಳು. ಸುಳ್ಳು ಹೇಳಿಸಿಕೊಂಡ ಸಿಟ್ಟು ಆಕೆಗೆ ಇನ್ನೂ ಇಳಿದಿರಲಿಲ್ಲ.

ಒಂದು ರವಿವಾರ ಮುಂಜಾನೆ ನೀಲಾಂಬಿಕಾ ಚಹಾ ಸೋಸುತ್ತಿದ್ದಳು. ಹೊರಗೆ ಶಂಕ್ರವ್ವ ಬಿಸಿಲಿಗೆ ಕಾಲು ಚಾಚಿ ಕೂತು ಎಂದಿನಂತೆ ನರಳುತ್ತಿದ್ದಳು. "ಯಪ್ಪಾ, ಮೊಣಕಾಲು ಹಿಡಕೊಂಡಾವಲ್ಲೋ ಶಿವನ. ಕಣ್ಣಿಗೆ ಕಣ್ಣು ಹಚ್ಚಿಲ್ಲ ನೋಡ ಚಿನ್ನಿ." ಚಿನ್ಮಯಿ ಎಣ್ಣೆ ಬಟ್ಟಲು ತಂದು ಅಜ್ಜಿಯ ಕಾಲು ತಿಕ್ಕತೊಡಗಿದಳು. ಸ್ವಲ್ಪ ಹೊತ್ತಿಗೆ ಅವಳ ದನಿ ಕೇಳಿಸಿತು: "ನನಗೂ ನಿದ್ದಿ ಬರೂದಿಲ್ಲ ಆಯಿ. ತಲಿ ಧಿಮ್ ಅಂತೈತಿ."

ನೀಲಾಂಬಿಕಾಳ ಕೈಯಲ್ಲಿ ಚಹಾದ ಬಟ್ಟೆ ಹಾಗೇ ನಿಂತಿತು. ತಾನು ಕೇಳಿದರೂ ಬಾರದು ಅಂದುಕೊಂಡಿದ್ದ ಮಾತು, ಯಾರೂ ಕೇಳದೆ, ಒಂದು ನರಳಾಟದ ಬೆನ್ನಿಗೆ ಬಂದಿತ್ತು. ಕಷ್ಟ ಹೇಳಿಕೊಂಡವರ ಮುಂದೆ ಕಷ್ಟ ಹೇಳುವುದಕ್ಕೆ ಮರ್ಯಾದೆ ಅಡ್ಡ ಬರುವುದಿಲ್ಲ. ಇಷ್ಟು ದಿನ ಈ ಊರು ನಡೆದದ್ದೇ ಹಾಗೆ.

ಅವಳು ಅಲ್ಲಿಂದಲೇ ಇರ್ಫಾನ್‌ಗೆ ಫೋನು ಮಾಡಿದಳು. "ಅತ್ತಿಯವರ ದನಿ ಕತ್ತರಿಸಿದ್ಯಲ್ಲ, ಉಳಿದ ತುಂಡು ಐತೇನು?"

"ಮೊಣಕಾಲಿಂದೇನ್ರಿ? ಐತ್ರಿ. ಅದ್ಯಾಕ ಈಗ?"

"ಅದನ್ನ ಹಚ್ಚು. ಪ್ರಶ್ನಿ ಕತ್ತರಿಸು."

ಸೋಮವಾರ ಊಟಕ್ಕೆ ಬಂದ ಹುಡುಗಿಯರು ಕಾರ್ಡು ಮುಟ್ಟಿಸಿದರೆ ಆಯಿ ಕೇಳಲಿಲ್ಲ, ಹೇಳಿದಳು. "ನನಗಂತೂ ಇವತ್ತ ಆರಾಮ ಇಲ್ಲ ನೋಡು. ಮೊಣಕಾಲು ಹಿಡಕೊಂಡಾವು, ನಿದ್ದಿ ಇಲ್ಲ." ಹುಡುಗಿಯರು ಮೊದಲು ಗಾಬರಿಯಾದರು, ಆಮೇಲೆ ಬಿದ್ದು ಬಿದ್ದು ನಕ್ಕರು. ಒಬ್ಬಳು "ಎಣ್ಣಿ ಹಚ್ಚಕೋ ಆಯಿ" ಅಂದಳು. ಇನ್ನೊಬ್ಬಳು "ನಂದು ಹಲ್ಲು ನೋಯಾಕತ್ತೇತಿ" ಅಂದಳು. ಎರಡು ಮೂರು ದಿನ ಹಲ್ಲು, ಹೊಟ್ಟೆ, ತಲೆನೋವುಗಳೇ ಬಂದವು. ಆಮೇಲೆ ಒಬ್ಬಳು ಸಣ್ಣಗೆ, "ಮನಿ ನೆನಪಾಗೇತಿ ಆಯಿ," ಅಂದಳು. ಹಿಂದೆ ನಿಂತವಳು ಅದನ್ನು ಕೇಳಿಸಿಕೊಂಡಳು. ಪಾರಕ್ಕನ ನೌಕರಿಗೆ ಕುತ್ತಿಲ್ಲ ಅಂತ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ತಾರಸಿಯ ಪಾಠ ತಾನಾಗಿ ನಿಂತಿತು.

ಹಳೆಯ ಹಗುರಾಂಕ ಹಗ್ಗ ಹರಿದ ಕೊಡದ ಹಾಗೆ ಬಾವಿಗೆ ಬಿತ್ತು. ಅಧಿಕಾರಿ ದಿನಕ್ಕೆರಡು ಸಲ ಫೋನು ಮಾಡಿದರು. ದಾನಮ್ಮ ಒಂದೇ ಸಲ ಮಾಡಿದರು.

"ಹೆಂಗೈತವಾ ನಮ್ಮ ರೊಟ್ಟಿ?"

"ಪೂರ್ತಿ ಕೆಳಗ ಬಿದ್ದೈತ್ರಿ ಅವ್ವಾರ. ಪಾರಕ್ಕನ ಕೋಣಿ ಮುಂದ ಪಾಳಿ ಹಚ್ಚಿ ನಿಂತಾರ. ಎರಡನೇ ಜಮಖಾನಿ ತರಸೀವಿ."

"ಛಲೋ ಆತು," ಅಂದು ಫೋನು ಇಟ್ಟರು ದಾನಮ್ಮ.

ಒಂದೆರಡು ತಿಂಗಳು ಕಳೆದ ಮೇಲೆ ಕಸ್ತೂರಿ ತನ್ನ ದನಿ ಕೇಳಬಹುದು ಅಂತ ತಾನೇ ನೀಲಾಂಬಿಕಾಳಿಗೆ ಹೇಳಿ ಕಳಿಸಿದಳು. ಡಾಕ್ಟರ ಔಷಧಿ ನಡೆದಿತ್ತು, ಅವಳ ಮನೆಯವರ ಜೊತೆ ಪಾರಕ್ಕ ಮಾತಾಡಿದ್ದಳು, ಪರೀಕ್ಷೆಯನ್ನು ಈ ವರ್ಷ ಬಿಡಬಹುದು ಅಂತ ಆಗಿತ್ತು. ಇರ್ಫಾನ್ ದನಿ ಹಾಕಿದ. "ಇವತ್ತೂ ಅಷ್ಟ ಆರಾಮ ಇಲ್ಲ ಆಯಿ. ನಿನ್ನಿಗಿಂತ ಪರವಾಗಿಲ್ಲ." ದನಿ ನಡುವೆ ಒಡೆದಿತ್ತು. ಕಡೆಯಲ್ಲಿ, ತಾಟು ಎತ್ತಿಕೊಂಡು ಹೋಗುತ್ತ, ತನಗೇ ಗೊತ್ತಿಲ್ಲದೆ ಏನೋ ಗುನುಗಿದ್ದಳು.

"ಅಪಸ್ವರ ಐತ್ರಿ ಅಕ್ಕಾರ," ಅಂದ ಇರ್ಫಾನ್.

"ಐತಿ," ಅಂದಳು ನೀಲಾಂಬಿಕಾ, ಕಣ್ಣು ಒರೆಸಿಕೊಳ್ಳುತ್ತ. "ಎಷ್ಟ ಛಲೋ ಐತಿ."

ಅವತ್ತು ಅವಳು ಚಾಲಕನಿಲ್ಲದ ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದಳು. ಶಂಕ್ರವ್ವ ಗುಡಿಗೆ ಹೋಗಿದ್ದಳು. ಚಿನ್ಮಯಿ ಅಡುಗೆಮನೆಯ ಬಾಗಿಲಲ್ಲಿ ನೀರು ಕುಡಿಯುತ್ತ ನಿಂತಿದ್ದಳು. ನೀಲಾಂಬಿಕಾ ಸಾರು ಕುದಿಯಲಿಟ್ಟು, ಮಗಳ ಕಡೆ ನೋಡದೆ ಅಂದಳು:

"ನನಗ ಆರಾಮ ಇಲ್ಲ ನೋಡ ಚಿನ್ನಿ. ನೀ ಅವತ್ತ ಊಟಕ್ಕ ಕುಂತಾಗ ಆರಾಮ ಅಂದ್ಯಲ್ಲ, ಅವತ್ತಿನಿಂದ ಇಲ್ಲ. ಕೇಳಾಕ ಅಂಜಿಕಿ ಆತು ನನಗ."

ಚಿನ್ಮಯಿ ಲೋಟ ಕೆಳಗಿಟ್ಟಳು. ಆಮೇಲೆ ಅವಳು ಹೊಸ್ತಿಲ ಮೇಲೆ, ಸಣ್ಣವಳಿದ್ದಾಗ ಕೂರುತ್ತಿದ್ದ ಹಾಗೆ, ಮೊಣಕಾಲು ತಬ್ಬಿಕೊಂಡು ಕೂತಳು.

"ನನಗೂ ಇಲ್ಲ ಅವ್ವಾ," ಅಂದಳು.

ಆ ದನಿ ಹಾರ್ಮೋನಿಯಂನ ಯಾವ ಮನೆಯಲ್ಲೂ ಇರಲಿಲ್ಲ. ನೀಲಾಂಬಿಕಾ ಒಲೆ ಆರಿಸಿ, ಮಗಳ ಪಕ್ಕದಲ್ಲಿ ಬಂದು ಕೂತಳು.